ತೊಗರಿ ಚೀಲದ ನಡುವೆ ವಿಷದ ಗುಳಿಗೆ ಬೇಡ

ಸಂಪಾದಕರೆ,

ಕಲಬುರಗಿ, ಬೀದರ್, ಯಾದಗಿರಿ ಕಡೆ ತೊಗರಿ ರಾಶಿ ಮುಗಿದ ಮೇಲೆ ದರ ಏರಲಿ ಎಂದು ಕಾಳನ್ನು ಮನೆಯಲ್ಲೇ ಇಟ್ಟುಕೊಳ್ಳುವ ರೈತರು ಬಹಳ. ಬೇಸಿಗೆಯಲ್ಲಿ ಚೀಲದ ಮೇಲೆ ಹುಳು ಹರಿದಾಡತೊಡಗಿದರೆ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಬಿಡಿಯಾಗಿ ಕೊಂಡು ತಂದು ಚೀಲಗಳ ನಡುವೆ ಇಡುವುದು ರೂಢಿಯಾಗಿಬಿಟ್ಟಿದೆ. ಇದು ಮನೆಮಂದಿಯ ಜೀವಕ್ಕೆ ಅಪಾಯ. ಹುಳುವೂ ಪೂರ್ತಿ ಸಾಯುವುದಿಲ್ಲ.

3 ಗ್ರಾಂ ತೂಕದ ಒಂದು ಗುಳಿಗೆ ಗಾಳಿಯ ತೇವ ಹೀರಿಕೊಂಡು ಸುಮಾರು 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತದೆ. ಈ ಅನಿಲಕ್ಕೆ ಪ್ರತಿವಿಷವೇ ಇಲ್ಲ. ಗೋದಾಮುಗಳಲ್ಲಿ ಇದನ್ನು ಬಳಸುವಾಗ ಇಡೀ ಅಟ್ಟಿಗೆ ಅನಿಲ ಸೋರದ ಹೊದಿಕೆ ಹೊದಿಸಿ, ಅಂಚಿನ ಮೇಲೆ ಮರಳಿನ ಉದ್ದನೆಯ ಚೀಲ ಹೇರಿ, ಏಳು ದಿನದವರೆಗೆ ಯಾರೂ ಹತ್ತಿರ ಸುಳಿಯದಂತೆ ನೋಡಿಕೊಳ್ಳುತ್ತಾರೆ. ಕಾಳಿನ ಮೇಲಿರುವ ಮೊಟ್ಟೆ, ಒಳಗಿರುವ ಕೋಶಗಳು (ಮರಿ ದುಂಬಿಯಾಗುವ ಮುಂಚಿನ ಹಂತ) ಸಾಯಲು ಅಷ್ಟು ದಿನ ಬೇಕು. ಮನೆಯ ಗೋಣಿಚೀಲದಲ್ಲಿ ಅನಿಲ ನಿಲ್ಲುವುದಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದವರ ಕಡೆ ಹೋಗುತ್ತದೆ. ಹೊರಗಿದ್ದ ನಾಲ್ಕು ಹುಳು ಸಾಯುತ್ತವೆ, ಒಳಗಿದ್ದವು ತಿಂಗಳೊಳಗೆ ಹೊರಬರುತ್ತವೆ. ಅರೆಬರೆ ವಿಷ ಉಂಡು ಬದುಕಿದ ಹುಳುಗಳ ಸಂತತಿಗೆ ಆ ವಿಷವೇ ತಾಗದಂತಾಗುತ್ತದೆ. ಸರ್ಕಾರಿ ಸಂಸ್ಥೆಗಳು ಮತ್ತು ಪರಿಣತರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣದವರಿಗೆ ಮಾತ್ರ ಇದನ್ನು ಮಾರಬೇಕೆಂಬ ನಿಯಮವಿದೆ. 10 ಮತ್ತು 20 ಗುಳಿಗೆಗಳ ಟ್ಯೂಬನ್ನು ಪೂರ್ತಿ ನಿಷೇಧಿಸಲಾಗಿದೆ. ಈಗಾಗಲೇ ಗುಳಿಗೆ ಇಟ್ಟವರು ಅದರ ಮೇಲೆ ನೀರು ಮಾತ್ರ ಹಾಕಬಾರದು, ಅನಿಲ ಒಮ್ಮೆಲೇ ಎದ್ದು ಬೆಂಕಿಯೂ ಹತ್ತಬಹುದು. ಎಲ್ಲರೂ ಹೊರಗೆ ಬರಬೇಕು, ಪರಿಣತರನ್ನು ಕರೆಸಬೇಕು.

ತೊಗರಿಯ ಹುಳು ಸಾಮಾನ್ಯವಾಗಿ ಹೊಲದಿಂದಲೇ ಬರುತ್ತದೆ. ಬಲಿತ ಕಾಯಿಯ ಮೇಲೆ ದುಂಬಿ, ಅಂದರೆ ಬೆಳೆದ ಹುಳು, ಮೊಟ್ಟೆ ಅಂಟಿಸಿರುತ್ತದೆ. ಚೀಲ ಸೇರಿದ ಮೇಲೆ ಕಾಳಿನ ಮೇಲೇ ಇಡುತ್ತದೆ. ಆದ್ದರಿಂದ ಹುಳು ಕಣ್ಣಿಗೆ ಬೀಳಲಿ ಎಂದು ಕಾಯದೆ ಮೊಟ್ಟೆ ಹುಡುಕಬೇಕು. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಹಿಡಿ ಹಿಡಿ ಕಾಳು ತೆಗೆದು ಬೆರೆಸಿ, ಅದರಲ್ಲಿ ನೂರು ಕಾಳನ್ನು ತಟ್ಟೆಯಲ್ಲಿ ಹರಡಿ ಬಿಸಿಲಿಗೆ ಹಿಡಿದು ನೋಡಿ. ಹೊಸ ಮೊಟ್ಟೆ ಗಾಜಿನಂತೆ ತಿಳಿಯಾಗಿ, ಕಾಣಿಸಿಯೂ ಕಾಣಿಸದಂತಿರುತ್ತದೆ. ಮರಿ ಮೊಟ್ಟೆಯ ತಳದಿಂದಲೇ ಕಾಳನ್ನು ಕೊರೆದು ಒಳಹೊಕ್ಕ ಮೇಲೆ ಖಾಲಿ ಚಿಪ್ಪಿನಲ್ಲಿ ಪುಡಿ ತುಂಬಿ ಅಚ್ಚ ಬಿಳಿ ಚುಕ್ಕೆಯಾಗುತ್ತದೆ. ಇನ್ನೂ ಕೆಲವು ವಾರ ಕಳೆದರೆ ಸಿಪ್ಪೆಯ ಮೇಲೆ ಮಸುಕಾದ ದುಂಡನೆಯ ಕಿಟಕಿ ಕಾಣುತ್ತದೆ. ಅಲ್ಲಿಗೆ ಒಳಗಿನ ತಿರುಳು ಹೋಗಿದೆ, ದುಂಬಿ ಹೊರಬರಲು ಸಿದ್ಧವಾಗಿದೆ ಎಂದರ್ಥ. ಸೆಕೆಯ ದಿನಗಳಲ್ಲಿ ಇಷ್ಟೆಲ್ಲ ನಡೆಯಲು ಹೆಚ್ಚುಕಡಿಮೆ ಒಂದು ತಿಂಗಳು ಸಾಕು. ಹೊರಬಂದ ದುಂಬಿ ಕಾಳು ತಿನ್ನುವುದಿಲ್ಲ, ಮೊಟ್ಟೆ ಇಟ್ಟು ಸಾಯುತ್ತದೆ. ಹಾಗಾಗಿ ಹದಿನೈದು ದಿನಕ್ಕೊಮ್ಮೆ ನೋಡಿದರೆ ಮಾತ್ರ ಪ್ರಯೋಜನ. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ರೂಪಿಸಿದ, ಕಾಳಿನೊಳಗೆ ಚುಚ್ಚಿಡುವ, ರಂಧ್ರಗಳಿರುವ ಕೊಳವೆಯ ಬಲೆಯೂ ಉಪಯುಕ್ತ. ಗಾಳಿ ಅರಸಿ ರಂಧ್ರಕ್ಕೆ ನುಗ್ಗುವ ಹುಳು ಕೆಳಗಿನ ಬಟ್ಟಲಿಗೆ ಬೀಳುತ್ತದೆ. ತೊಗರಿ ದುಂಬಿ ಕಾಳಿನ ಮೇಲ್ಪದರದಲ್ಲೇ ಓಡಾಡುವುದರಿಂದ ಬಾಯಿಯಲ್ಲೂ ಹುಳು ಜಾರಿ ಬೀಳುವ ಗುಂಡಿ ಇರುವ ಜೋಡಿ ಬಲೆಯೇ ಅದಕ್ಕೆ ಮೇಲು.

ಜೋಳ, ಅಕ್ಕಿ, ಗೋಧಿಯ ಮೂತಿ ಹುಳುವಿನದು ಬೇರೆ ಕಥೆ. ಅದು ಕಾಳಿಗೆ ತೂತು ಕೊರೆದು ಮೊಟ್ಟೆಯಿಟ್ಟು ಅಂಟಿನಿಂದ ಮುಚ್ಚುತ್ತದೆ, ಬರಿಗಣ್ಣಿಗೆ ಕಾಣದು. ಕಾಳನ್ನು ನೀರಿಗೆ ಹಾಕಿ, ತೇಲುವ ಟೊಳ್ಳು ಕಾಳನ್ನು ಒಡೆದು ನೋಡುವುದೇ ಮನೆಯಲ್ಲಾಗುವ ಪರೀಕ್ಷೆ.

ತಡೆಯುವ ಕೆಲಸ ಒಣಗಿಸುವುದರಿಂದ ಶುರು. ತೊಗರಿಯ ತೇವಾಂಶ ಶೇ 9–10ಕ್ಕೆ, ಜೋಳದ್ದು ಶೇ 12ಕ್ಕೆ ಇಳಿಯಬೇಕು. ಸೀಸೆಯಲ್ಲಿ ಉಪ್ಪು ಹಾಕಿ ಕುಲುಕುವ ಪರೀಕ್ಷೆಯನ್ನು ಕೆಲವರು ನಂಬುತ್ತಾರೆ. ಶೇ 15ಕ್ಕಿಂತ ಹೆಚ್ಚು ತೇವವಿದ್ದರಷ್ಟೇ ಉಪ್ಪು ಗಾಜಿಗೆ ಅಂಟುತ್ತದೆ, ಆದ್ದರಿಂದ ಅಂಟದಿದ್ದರೆ ಸಾಕಷ್ಟು ಒಣಗಿದೆ ಎಂದುಕೊಳ್ಳಬಾರದು. ತೇವಾಂಶ ಮಾಪಕದಲ್ಲೇ ನೋಡಿಸಿ. ಒಣಗಿದ ಕಾಳನ್ನು ಬಿಸಿಯಿರುವಾಗಲೇ ತುಂಬಿದರೆ ಚೀಲದೊಳಗೆ ಬೆವರಿ ಬೂಷ್ಟು ಬರುತ್ತದೆ. ಆರಲು ಬಿಡುವಾಗ ಬಟ್ಟೆ ಮುಚ್ಚಿ, ಇಲ್ಲವಾದರೆ ದುಂಬಿ ಮತ್ತೆ ಬಂದು ಕೂರುತ್ತದೆ. ಹಳೆಯ ಗೋಣಿಚೀಲದ ಹೊಲಿಗೆಯಲ್ಲಿ ಹುಳು ಅಡಗಿರುತ್ತದೆ, ಕುದಿಯುವ ನೀರಲ್ಲಿ ಅದ್ದಿ ಒಣಗಿಸದೆ ಮತ್ತೆ ಬಳಸಬಾರದು.

ನಂತರ ಗಾಳಿಯಾಡದ ಬಿಗಿ ಚೀಲ. ಒಳಗೆ ಎರಡು ದಪ್ಪ ಪಾಲಿಥಿನ್ ಚೀಲ, ಹೊರಗೆ ನೇಯ್ದ ಪ್ಲಾಸ್ಟಿಕ್ ಚೀಲ. ಒಳಚೀಲಕ್ಕೆ ಗಾಳಿ ತುಂಬಿ ಒತ್ತಿ ನೋಡಿ, ಸೂಜಿಮೊನೆಯಷ್ಟು ತೂತಿದ್ದರೂ ಆ ಚೀಲ ಬೇಡ. ಕಡ್ಡಿ, ಹೊಟ್ಟಿನ ಚೂರು ಇರದಂತೆ ಕಾಳನ್ನು ತೂರಿ ತುಂಬಿ, ಗಾಳಿ ಹೊರಗೆ ಹೋಗುವಂತೆ ಅದುಮಿ, ಕುತ್ತಿಗೆಯನ್ನು ತಿರುಚಿ, ಮಡಚಿ, ದಾರದಿಂದ ಬಿಗಿಯಾಗಿ ಕಟ್ಟಬೇಕು. ಎರಡನೆಯದನ್ನೂ ಹಾಗೆಯೇ ಬೇರೆಯಾಗಿ ಕಟ್ಟಬೇಕು. ಒಳಗಿನ ಹುಳುಗಳೇ ಆಮ್ಲಜನಕ ಮುಗಿಸುತ್ತವೆ. ಅದಿಲ್ಲದೆ ಅವುಗಳ ಮೈಯಲ್ಲಿ ನೀರು ಹುಟ್ಟುವುದಿಲ್ಲ, ಒಣಗಿ ಸಾಯುತ್ತವೆ. ಪದೇ ಪದೇ ಬಿಚ್ಚಿದರೆ ಗಾಳಿ ಹೊಕ್ಕು ಅವು ಚೇತರಿಸಿಕೊಳ್ಳುತ್ತವೆ. ಮನೆಬಳಕೆಗೆ ಸಣ್ಣ ಡಬ್ಬವನ್ನು ಬೇರೆಯೇ ಇಡಿ. ಅರ್ಧ ತುಂಬಿದ ಚೀಲದಲ್ಲಿ ಗಾಳಿ ಹೆಚ್ಚು, ಒಣಗದ ಕಾಳು ತುಂಬಿದರೆ ಹಾಳು, ಇಲಿ ಕಡಿದರೆ ಎಲ್ಲವೂ ವ್ಯರ್ಥ. ಮರದ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡಬೇಕು.

ಮನೆಗೆ ಬೇಕಾದಷ್ಟು ಕಾಳಿಗೆ ಕಿಲೋಗೆ 5 ಮಿ.ಲೀ. ಕಡಲೆಕಾಯಿ ಎಣ್ಣೆ ಇಲ್ಲವೇ ಹರಳೆಣ್ಣೆ ಸವರಿದರೂ ನಡೆಯುತ್ತದೆ. ಬಹಳ ಕಾಳನ್ನು ಒಮ್ಮೆಗೇ ಕಲಸಿದರೆ ಎಲ್ಲ ಕಾಳಿಗೂ ಎಣ್ಣೆ ತಾಗುವುದಿಲ್ಲ. ಬೇಳೆ ಮಾಡಿಸಿದರೆ ಈ ದುಂಬಿಯ ಕಾಟ ಬಹಳ ಕಡಿಮೆ.

ರೈತ ಸಂಪರ್ಕ ಕೇಂದ್ರಗಳಲ್ಲಿ ತಾಡಪತ್ರಿಯನ್ನು ರಿಯಾಯಿತಿಗೆ ಕೊಡುತ್ತಾರೆ. ಅದರ ಜೊತೆಗೇ ಬಿಗಿ ಚೀಲವನ್ನೂ ಕೊಡಲಿ, ಒಂದೊಂದು ಕೇಂದ್ರದಲ್ಲಿ ತೇವಾಂಶ ಮಾಪಕ ಇಟ್ಟು ರೈತರ ಕಾಳನ್ನು ಉಚಿತವಾಗಿ ಅಳೆದು ಹೇಳಲಿ. ಅದು ರಾಶಿಯ ಮೊದಲೇ, ಡಿಸೆಂಬರ್‌ಗೆ ಮುಂಚೆ ಆಗಬೇಕು. ಗುಳಿಗೆಯನ್ನು ಬಿಡಿಯಾಗಿ ಮಾರುವ ಅಂಗಡಿಗಳ ತಪಾಸಣೆಗೆ ಕೃಷಿ ಇಲಾಖೆ ಈಗಲೇ ಮುಂದಾಗಲಿ.

ಓದುಗ, ಕಲಬುರಗಿ ಜಿಲ್ಲೆ