ಎಡಗಣ್ಣಿನ ಲೆಕ್ಕದಲ್ಲಿ ಥ್ಯಾಂಕ್ಸ್

ಸುಣ್ಣ ಸಿಡಿದ ಕಣ್ಣು ಹೇಗಿದೆ ಎಂದು ಕೊಪ್ಪ ಪೇಟೆಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದೀರಿ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲ ಹೇಳುವುದು ಕಷ್ಟ, ಅದಕ್ಕೇ ಬರೆಯುತ್ತಿದ್ದೇನೆ. ಎಡಗಣ್ಣು ಉಳಿದಿದೆ. ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿರುವ ಪಾರದರ್ಶಕ ಭಾಗದ, ಮೇಲ್ಪದರ ಪೂರ್ತಿ ಬೆಳೆದು ಗಟ್ಟಿಯಾಗಿದೆ, ಇನ್ನು ಪದೇ ಪದೇ ಬರುವುದು ಬೇಡ ಎಂದು ಬೆಂಗಳೂರಿನ ಡಾಕ್ಟರ್ ಹೇಳಿ ಕಳಿಸಿದ್ದಾರೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಮಾಡಿದವರು ಬೇರೆಯವರು.

ಮೊದಲು ಔಷಧಿ ಹೊಡೆಯಲು ಬಂದಿದ್ದ ಹುಡುಗ. ಅಡಿಕೆ ಬೆಳೆಯುವವರಿಗೆ ಬೋರ್ಡೋ ದ್ರಾವಣದ ಬಗ್ಗೆ ನಾನು ಹೇಳಬೇಕಾಗಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ ಹೊಡೆದು ಮುಗಿಸದಿದ್ದರೆ ಕೊಳೆರೋಗ ಸುಮ್ನೆ ಬಿಡುವುದಿಲ್ಲ. ಅವತ್ತು ಸುಣ್ಣದ ಕಲ್ಲಿಗೆ ನೀರು ಬಿದ್ದು ಕೊತಕೊತ ಕುದಿಯುವಾಗ ಡ್ರಮ್ಮಿನಿಂದ ಸಿಡಿದದ್ದು ನೇರ ಕಣ್ಣಿಗೆ ಬಂತು. ಅಂಗಳದಲ್ಲಿ ಒಬ್ಬರು ತುಪ್ಪ ಬಿಡಿ ಎಂದರು, ಇನ್ನೊಬ್ಬರು ಹರಳೆಣ್ಣೆ ಎಂದರು. ಆ ಹುಡುಗ ಯಾರ ಮಾತನ್ನೂ ಕೇಳಲಿಲ್ಲ. ನನ್ನನ್ನು ಕಟ್ಟೆಯ ಮೇಲೆ ಮಲಗಿಸಿ, ರೆಪ್ಪೆ ಬಿಡಿಸಿ ಹಿಡಿದು, ಹೋಸ್ ಪೈಪಿನಲ್ಲಿ ನೀರು ಬಿಟ್ಟ. ನಾನು ಬೈದೆ, ಕೈ ತಳ್ಳಿದೆ. "ಬೈಯಿರಿ ಅಣ್ಣ, ಕಣ್ಣು ಮಾತ್ರ ಮುಚ್ಚಬೇಡಿ" ಎಂದ. ಜೀಪು ಹೊರಟ ಮೇಲೂ ಬಿಡಲಿಲ್ಲ. ಕೊಡದಲ್ಲಿ ನೀರಿಟ್ಟುಕೊಂಡು ಪಕ್ಕದಲ್ಲಿ ಕೂತು ಸುರಿಯುತ್ತಲೇ ಬಂದ. ಸೀಟೆಲ್ಲ ನೀರು.

ಆಮೇಲೆ ಆಸ್ಪತ್ರೆಯ ನರ್ಸಮ್ಮ. ಸಲೈನ್ ಬಾಟಲಿ ಖಾಲಿಯಾದಂತೆ ಇನ್ನೊಂದು ಹಚ್ಚುತ್ತ ತೊಳೆದರು. ಮೇಲಿನ ರೆಪ್ಪೆಯನ್ನು ಹಿಂದೆ ಮಗುಚಿ, ಅಡಿಯಲ್ಲಿ ಅಂಟಿದ್ದ ಸುಣ್ಣದ ಚೂರುಗಳನ್ನು ಒದ್ದೆ ಹತ್ತಿಯಲ್ಲಿ ಒಂದೊಂದಾಗಿ ತೆಗೆದರು. ಸುಣ್ಣದ ಕ್ಷಾರ ಇನ್ನೂ ಉಳಿದಿದೆಯೇ ಎಂದು ಲಿಟ್ಮಸ್ ಕಾಗದ ಮುಟ್ಟಿಸಿ ನೋಡಿ, ಮತ್ತೆ ತೊಳೆದರು. ಆ್ಯಸಿಡ್ ಬಿದ್ದರೆ ಮೇಲಿನ ಪದರ ಹೆಪ್ಪುಗಟ್ಟಿ ಒಂದಿಷ್ಟು ತಡೆಯಾಗುತ್ತದಂತೆ. ಸುಣ್ಣ ಹಾಗಲ್ಲ. ಜೀವಕೋಶದ ಕೊಬ್ಬನ್ನು ಕರಗಿಸಿಕೊಂಡು ಒಳಗೆ ಇಳಿಯುತ್ತದೆ. ರೆಪ್ಪೆಯಡಿ ಒಂದು ಚೂರು ಉಳಿದರೂ ಸುಡುತ್ತಲೇ ಇರುತ್ತದೆ. "ನೀರು ಹಾಕಿದವರು ಯಾರು? ಅವರಿಂದ ಕಣ್ಣು ಇಷ್ಟಾದರೂ ಉಳಿದಿದೆ" ಎಂದು ಮುಂದೆ ಬೆಂಗಳೂರಿನಲ್ಲೂ ಕೇಳಿದರು.

ಉರಿ ಇಳಿಯಿತು, ದೃಷ್ಟಿ ಬರಲಿಲ್ಲ. ತಿಂಗಳುಗಳು ಕಳೆದಂತೆ ಕಣ್ಣಿನ ಮೇಲೆ ಕೆಂಪು ನರಗಳು ಹರಿದು ಬಂದು ಮಂಜು ಕವಿಯಿತು. ಊರಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: ಅಪ್ಪು ಅವರ ಕಣ್ಣಿನಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತಲ್ಲ, ನಿಮಗೂ ಯಾರದ್ದಾದರೂ ಕಣ್ಣು ಹಾಕಬಹುದಲ್ವಾ? ನಾನೂ ಅದನ್ನೇ ಕೇಳಿದೆ. ಡಾಕ್ಟರ್ ಕಾಗದದ ಮೇಲೆ ಎರಡು ಗೆರೆ ಎಳೆದು ತೋರಿಸಿದರು. ಕಪ್ಪು ಭಾಗ ಮತ್ತು ಬಿಳಿ ಭಾಗ ಸೇರುವ ಅಂಚಿಗೆ ಲಿಂಬಸ್ ಎಂದು ಹೆಸರು. ಸ್ಟೆಮ್ ಸೆಲ್, ಅಂದರೆ ಹೊಸ ಕೋಶ ಹುಟ್ಟಿಸುವ ಮೂಲ ಕೋಶಗಳು, ಇರುವುದು ಅಲ್ಲಿ. ಕಾರ್ನಿಯಾದ ಮೇಲ್ಪದರ ದಿನಾ ಸವೆಯುತ್ತದೆ, ವಾರ ಹತ್ತು ದಿನಕ್ಕೆ ಹೊಸದಾಗುತ್ತದೆ. ಹೊಸ ಕೋಶ ಹುಟ್ಟಿ ಬರುವುದು ಆ ಅಂಚಿನಿಂದ. ತೋಟಕ್ಕೆ ಸಸಿಮಡಿ ಇದ್ದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಎಡಗಣ್ಣಿನಲ್ಲಿ ಆ ಅಂಚೇ ಸುಟ್ಟಿತ್ತು. ಬರೀ ದಾನದ ಕಾರ್ನಿಯಾ ಹೊಲಿದರೆ ಅದರ ಮೇಲೂ ಪದರ ನಿಲ್ಲುವುದಿಲ್ಲ, ಸ್ವಲ್ಪ ದಿನಕ್ಕೆ ಅದೂ ಹಾಳು.

ಹಾಗಾದರೆ ಏನು ದಾರಿ? ಬಲಗಣ್ಣಿನ ಅಂಚಿನಿಂದ ಸುಮಾರು ಎರಡು ಮಿಲಿಮೀಟರ್ ಅಗಲದ ಚೂರು ತೆಗೆದು ಎಡಗಣ್ಣಿಗೆ ಹಾಕುವುದು. ಇದನ್ನು ಕೇಳಿ ನನ್ನ ಹೆಂಡತಿ ಎದ್ದು ನಿಂತಳು. "ಇರೋ ಒಂದು ಕಣ್ಣಿಗೂ ಕತ್ತರಿ ಹಾಕಿಸ್ತೀರಾ? ಬೇಡವೇ ಬೇಡ." ಅವಳ ಭಯ ಸುಳ್ಳಲ್ಲ. ಡಾಕ್ಟರ್ ಬೇಜಾರು ಮಾಡಿಕೊಳ್ಳಲಿಲ್ಲ, ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಹೇಳಿದರು. ಮುಂಚೆ ಒಳ್ಳೆಯ ಕಣ್ಣಿನಿಂದ ದೊಡ್ಡ ತುಂಡನ್ನೇ ತೆಗೆಯುತ್ತಿದ್ದರು. 1997ರಲ್ಲಿ ಇಟಲಿಯವರು ಚಿಕ್ಕ ಚೂರನ್ನು ಲ್ಯಾಬಿನಲ್ಲಿ ಬೆಳೆಸಿ ಹಾಕಬಹುದು ಎಂದು ತೋರಿಸಿದರು, ಆದರೆ ಅದಕ್ಕೆ ದುಬಾರಿ ಲ್ಯಾಬ್ ಬೇಕು. ಹೈದರಾಬಾದಿನ ಎಲ್. ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ಡಾ. ವೀರೇಂದ್ರ ಸಂಗ್ವಾನ್ ಮತ್ತು ಅವರ ತಂಡ ಆ ಲ್ಯಾಬನ್ನೇ ಬಿಟ್ಟು, ಕೋಶಗಳನ್ನು ಕಣ್ಣಿನ ಮೇಲೇ ಬೆಳೆಸುವ ವಿಧಾನವನ್ನು 2012ರಲ್ಲಿ ಪ್ರಕಟಿಸಿತು. ಅದಕ್ಕೆ ಸ್ಲೆಟ್ ಎನ್ನುತ್ತಾರೆ. ನಮ್ಮ ಪಕ್ಕದ ರಾಜ್ಯದಲ್ಲೇ ಹುಟ್ಟಿದ ವಿದ್ಯೆ ಎನ್ನಬೇಕು. ಆ ತಂಡಕ್ಕೆ ನನ್ನ ಪರಿಚಯವಿಲ್ಲ, ಆದರೂ ಇಲ್ಲಿಂದಲೇ ಒಂದು ನಮಸ್ಕಾರ. ಚೂರು ನನ್ನದೇ ಆದ್ದರಿಂದ ದೇಹ ತಿರಸ್ಕರಿಸುವ ಭಯವೂ ಇಲ್ಲ ಎಂದರು. ಹೆಂಡತಿ ಒಪ್ಪಿದಳು. ಆ ಒಪ್ಪಿಗೆ ಕೊಡುವುದು ಆಪರೇಷನ್‌ಗಿಂತ ಕಷ್ಟವಿತ್ತು, ಅದು ನನಗೆ ಗೊತ್ತು.

ನಾನು ಎಂದೂ ನೋಡದ ಒಬ್ಬ ತಾಯಿಗೂ ಥ್ಯಾಂಕ್ಸ್ ಹೇಳಬೇಕು. ಆ ಚೂರನ್ನು ಸಣ್ಣ ಸಣ್ಣ ತುಣುಕು ಮಾಡಿ ಅಂಟಿಸಲು ಕಣ್ಣಿನ ಮೇಲೆ ಒಂದು ತೆಳು ಪೊರೆ ಹಾಸುತ್ತಾರೆ. ಅದು ಗರ್ಭದಲ್ಲಿ ಮಗುವನ್ನು ಸುತ್ತಿರುವ ಪೊರೆ. ಸಿಸೇರಿಯನ್ ಆದ ತಾಯಂದಿರು ಒಪ್ಪಿಗೆ ಕೊಟ್ಟರೆ, ರಕ್ತ ಪರೀಕ್ಷೆ ಎಲ್ಲ ಮಾಡಿ, ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ. ಹೆರಿಗೆಯ ಗಡಿಬಿಡಿಯಲ್ಲೂ ಒಬ್ಬಾಕೆ ಸೈನ್ ಹಾಕಿದ್ದಾಳೆ. ಮಗು ಚೆನ್ನಾಗಿರಲಿ.

ಹೊಲಿಗೆಯ ಬದಲು ಫೈಬ್ರಿನ್ ಅಂಟು, ಮೇಲೊಂದು ಬ್ಯಾಂಡೇಜ್ ಲೆನ್ಸ್. ನಂತರದ ಚೆಕಪ್‌ಗಳಲ್ಲಿ ಹಳದಿ ಬಣ್ಣದ ಪಟ್ಟಿ ಮುಟ್ಟಿಸಿ, ನೀಲಿ ಬೆಳಕು ಬಿಟ್ಟು ಫೋಟೋ ತೆಗೆಯುತ್ತಿದ್ದರು. ಪದರ ಇಲ್ಲದ ಜಾಗ ಹಸಿರಾಗಿ ಹೊಳೆಯುತ್ತದೆ. ಮೊದಲ ಫೋಟೋದಲ್ಲಿ ಪೂರ್ತಿ ಹಸಿರು, ಒಂದೊಂದು ತುಣುಕಿನ ಸುತ್ತ ಮಾತ್ರ ಪುಟ್ಟ ಕಪ್ಪು ವೃತ್ತ. ಮುಂದಿನದರಲ್ಲಿ ವೃತ್ತಗಳು ಒಂದಕ್ಕೊಂದು ತಾಗಿದ್ದವು. ಎರಡು ವಾರದ ಹೊತ್ತಿಗೆ ಹಸಿರೇ ಇಲ್ಲ. ಡಾಕ್ಟರ್ ಮಾತಾಡದೆ ಕಂಪ್ಯೂಟರನ್ನು ನನ್ನ ಹೆಂಡತಿಯ ಕಡೆ ತಿರುಗಿಸಿದರು.

ಮನೆಯಲ್ಲಿ ಡ್ರಾಪ್ಸ್ ಇಲಾಖೆ ಮಗಳದ್ದು. ಯಾವ ಬಾಟಲಿ ಎಷ್ಟು ಹೊತ್ತಿಗೆ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದ್ದಳು, ಮೊಬೈಲಿನಲ್ಲಿ ಅಲಾರಂ ಬೇರೆ. ತಲೆಗೆ ನೀರು ಹಾಕಬಾರದು ಎಂದಿದ್ದಕ್ಕೆ ಅಮ್ಮ ಹಬ್ಬದ ದಿನವೂ ಎಣ್ಣೆ ಬಟ್ಟಲು ಎತ್ತಿಟ್ಟರು, ಅವರಿಗೆ ಅದೇ ದೊಡ್ಡ ತ್ಯಾಗ. ಮಲ್ಲೇಶ್ವರದ ಷಡ್ಡಕ ಮನೆಯ ಒಂದು ರೂಮನ್ನೇ ಬಿಟ್ಟುಕೊಟ್ಟ. ಅಕ್ಕಪಕ್ಕದ ಮನೆಯವರು ಮುಯ್ಯಾಳಾಗಿ ಬಂದು ಅಡಿಕೆ ಗೊನೆಗಳ ಕೊಯ್ಲು ಮುಗಿಸಿ, ಬೇಯಿಸಿ ಒಣಗಿಸಿಕೊಟ್ಟರು. ಆ ಮುಯ್ಯಿ ಇನ್ನೂ ನನ್ನ ತಲೆ ಮೇಲಿದೆ, ಈ ಸೀಸನ್‌ನಲ್ಲಿ ತೀರಿಸುತ್ತೇನೆ.

ಪೂರ್ತಿ ಸರಿಯಾಗಿದೆ ಎಂದರೆ ಸುಳ್ಳಾಗುತ್ತದೆ. ಒಳಪದರದಲ್ಲಿ ಕಲೆ ಉಳಿದಿದೆ. ಎಡಗಣ್ಣಿನಲ್ಲಿ ಎದುರಿಗಿರುವವರ ಮುಖ ಗುರುತಾಗುತ್ತದೆ, ಪೇಪರಿನ ಹೆಡ್‌ಲೈನ್ ಓದಬಹುದು, ಸಣ್ಣಕ್ಷರ ಇಲ್ಲ. ಬೇಕೆನಿಸಿದರೆ ಮುಂದೆ ದಾನದ ಕಾರ್ನಿಯಾ ಹಾಕಬಹುದಂತೆ, ಈಗ ಮೇಲ್ಪದರ ಗಟ್ಟಿಯಿರುವುದರಿಂದ ಅದು ನಿಲ್ಲುವ ಸಾಧ್ಯತೆ ಜಾಸ್ತಿ. ಅವಸರವಿಲ್ಲ. ನಾವಿಬ್ಬರೂ ನೇತ್ರದಾನಕ್ಕೆ ಹೆಸರು ಕೊಟ್ಟು ಬಂದಿದ್ದೇವೆ.

ಯಾರಿಗಾದರೂ ಇದೇ ಆಪರೇಷನ್ ಹೇಳಿದ್ದು, ಒಳ್ಳೆಯ ಕಣ್ಣನ್ನು ಮುಟ್ಟಿಸಲು ಹೆದರಿಕೆಯಾಗಿದ್ದರೆ ನಮ್ಮ ಮನೆಗೆ ಬನ್ನಿ. ನನ್ನ ಬಲಗಣ್ಣು ನೋಡಿಕೊಂಡು ಹೋಗಬಹುದು, ಎಲ್ಲಿಂದ ತೆಗೆದರು ಎಂದು ನನಗೇ ಗೊತ್ತಾಗುವುದಿಲ್ಲ. ಕೊಯ್ಲು ಶುರುವಾದರೆ ಹಗಲು ತೋಟದಲ್ಲಿರುತ್ತೇನೆ, ಸಂಜೆ ಮೇಲೆ ಬಂದರೆ ಒಳ್ಳೆಯದು. ಹೆಂಡತಿಯೊಂದಿಗೂ ಮಾತಾಡಿ, ಅವಳು ನನಗಿಂತ ಚೆನ್ನಾಗಿ ಹೇಳುತ್ತಾಳೆ.