ಗೋಪುರಕ್ಕೆ ಒಬ್ಬಳೇ ಹತ್ತಬೇಡ

ಪುಟ್ಟಿ,

ನಾಳೆ ಹೊರಡುತ್ತೀಯ. ಮೊನ್ನೆ ಊಟದ ಹೊತ್ತಿಗೆ ಆದ ಮಾತು ಇಬ್ಬರಿಗೂ ನೆನಪಿದೆ, ಅದು ಇಲ್ಲಿ ಬೇಡ. ಅಷ್ಟು ದೊಡ್ಡ ಹಳೇ ಚರ್ಚನ್ನು ನೋಡಿ ವರದಿ ಬರೆಯುವ ಕೆಲಸ ನಿನಗೆ ಒಪ್ಪಿಸಿದ್ದಾರೆ ಅಂದರೆ ನನಗೆ ಹೆಮ್ಮೆಯೇ. ಒಬ್ಬಳನ್ನೇ ಕಳಿಸುತ್ತಿದ್ದಾರಲ್ಲ, ಅದೊಂದು ಹೊಟ್ಟೆಯಲ್ಲಿ ಕೂತುಬಿಟ್ಟಿದೆ.

ಗಂಟೆಗೋಪುರದ ಸುತ್ತುಮೆಟ್ಟಿಲು ನಡುಗಂಬದ ಕಡೆ ಕಿರಿದು, ಗೋಡೆಯ ಕಡೆ ಅಗಲ. ಗೋಡೆಗೆ ಒತ್ತಿಕೊಂಡೇ ಕಾಲಿಡು. ಟಾರ್ಚು ತಲೆಗೆ ಕಟ್ಟುವಂಥದ್ದಿರಲಿ, ಎರಡು ಕೈಯೂ ಖಾಲಿ ಬೇಕು. ಮೇಲಿನ ಮರದ ಅಟ್ಟವನ್ನು ನಂಬಬೇಡ. ಮೊಳೆ ಸಾಲಾಗಿ ಹೊಡೆದಿರುವ ಕಡೆ ಕೆಳಗೆ ತೊಲೆ ಇರುತ್ತದೆ, ಆ ಸಾಲಿನ ಮೇಲೆಯೇ ನಡೆ. ಆದರೆ ತೊಲೆ ಮೊದಲು ಕೊಳೆಯುವುದು ಗೋಡೆಯೊಳಗೆ ಹೂತ ತುದಿಯಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ. ಗೋಡೆಯ ಪಕ್ಕ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು. ಬೆಣ್ಣೆಗೆ ಇಳಿದ ಹಾಗೆ ಇಳಿದರೆ ಮುಂದೆ ಹೆಜ್ಜೆ ಬೇಡ, ವಾಪಸ್ ಬಾ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಸೋಂಕು ತರುತ್ತದೆ. ಬಟ್ಟೆಯ ಮಾಸ್ಕ್ ಸಾಲದು, ಸಣ್ಣ ಧೂಳನ್ನೂ ತಡೆಯುವ ಎಫ್‌ಎಫ್‌ಪಿ3 ಮಾಸ್ಕ್ ತಗೊ. ಒಣ ಹಿಕ್ಕೆಯನ್ನು ಗುಡಿಸಲೂ ಹೋಗಬೇಡ.

ಇನ್ನು ಗಂಟೆಯ ಹಗ್ಗ. ಆಸೆಗೂ ಮುಟ್ಟಬೇಡ. ಪೂರ್ತಿ ಸುತ್ತು ತಿರುಗುವ ಇಂಗ್ಲಿಷ್ ಮಾದರಿಯ ಗಂಟೆಗಳಾದರೆ ಬಾಯಿ ಮೇಲಾಗಿಯೇ ನಿಲ್ಲಿಸಿ ಬಿಟ್ಟಿರುವುದುಂಟು. ಹಗ್ಗ ಎಳೆದೆಯೋ, ನೂರಾರು ಕಿಲೋ ಲೋಹ ಮಗುಚಿ ತಿರುಗುತ್ತದೆ, ಹಿಡಿದವರನ್ನು ಹಗ್ಗವೇ ಮೇಲಕ್ಕೆ ಎತ್ತಿಬಿಡುತ್ತದೆ.

ಸರಿ, ಗೋಪುರದ ಮಾತು ಸಾಕು.

ಜನ ಕಮ್ಮಿಯಾದ ಚರ್ಚಿನಲ್ಲಿ ಮೊದಲು ನಿಲ್ಲುವ ಕೆಲಸ ಮಳೆನೀರು ಹರಿಯುವ ಸೂರಿನ ದೋಣಿ ಶುಚಿ ಮಾಡುವುದು. ಒಂದು ಹಕ್ಕಿಗೂಡು ಕೊಳವೆಗೆ ಸಿಕ್ಕಿಕೊಂಡರೆ ಸಾಕು, ನೀರು ಗೋಡೆಯೊಳಗೆ ಇಳಿದು ನಾನು ಹೇಳಿದ ಆ ತೊಲೆಯ ತುದಿಗೇ ತಲುಪುತ್ತದೆ. ಆದ್ದರಿಂದ ಮಳೆ ಸುರಿಯುವಾಗಲೇ ಕೊಡೆ ಹಿಡಿದು ಹೊರಗೆ ಒಂದು ಸುತ್ತು ಬಾ, ನೀರು ಎಲ್ಲಿ ಗೋಡೆಗೆ ಇಳಿಯುತ್ತಿದೆ ನೋಡು. ಒಣ ದಿನದಲ್ಲಿ ಗೋಡೆಯ ಮೇಲಿನ ಹಸಿರು ಪಟ್ಟೆ ಅದೇ ಕಥೆ ಹೇಳುತ್ತದೆ. ಸುಣ್ಣದ ಗಾರೆಯ ಗೋಡೆಯ ಸಂದಿಗೆ ಯಾರೋ ಸಿಮೆಂಟ್ ಮೆತ್ತಿರುತ್ತಾರೆ, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಸಂದಿಯಲ್ಲಿ ಆರಿಹೋಗಬೇಕಾದ ತೇವದ ದಾರಿ ಮುಚ್ಚಿಹೋಗುತ್ತದೆ, ತೇವ ಕಲ್ಲಿನ ಮೂಲಕವೇ ಹೊರಬರುತ್ತದೆ, ಉಪ್ಪು ಹರಳುಗಟ್ಟಿ ಕಲ್ಲಿನ ಮುಖ ಪದರ ಪದರವಾಗಿ ಉದುರುತ್ತದೆ. ಕಿಟಕಿಯ ಬಣ್ಣದ ಗಾಜು ಹೊಟ್ಟೆ ಉಬ್ಬಿಸಿಕೊಂಡಿದ್ದರೆ ತಳ್ಳಿ ಸರಿ ಮಾಡಲು ಹೋಗಬೇಡ. ಗಾಜಿನ ತುಂಡುಗಳನ್ನು ಹಿಡಿದಿರುವ ಸೀಸದ ಪಟ್ಟಿ ಸೋತಿದೆ ಅಂತ ಬರೆದುಕೊ, ಫೋಟೊ ತೆಗೆ, ಸಾಕು.

ಅಳತೆ ಟೇಪು ತೆಗೆಯುವ ಮೊದಲು ಒಂದು ಭಾನುವಾರದ ಆರಾಧನೆಗೆ ಕೂರು. ಐನೂರು ಜನರ ಬೆಂಚುಗಳಲ್ಲಿ ಹತ್ತಿಪ್ಪತ್ತು ಹಿರಿಯರು ಅಲ್ಲೊಬ್ಬರು ಇಲ್ಲೊಬ್ಬರು ಚದುರಿ ಕೂತಿರುತ್ತಾರೆ. ಆ ಜಾಗಗಳು ಅವರ ಮನೆತನದವು, ಕೇಳಿಯೇ ಕೂರು. ಎಷ್ಟು ಜನ ಬರುತ್ತೀರಿ ಎಂದು ಕೇಳಬೇಡ. ಮಳೆಗಾಲದಲ್ಲಿ ಬಕೆಟ್ ಎಲ್ಲಿಡುತ್ತೀರಿ ಎಂದು ಕೇಳು. ನಿನ್ನ ಯಾವ ಉಪಕರಣಕ್ಕೂ ಸಿಗದ ಮಾಹಿತಿ ಅದು. ಆ ಒಂದು ಗಂಟೆಗೆ ಮಾತ್ರ ಹೀಟರ್ ಹಚ್ಚುತ್ತಾರಾ ಅಂತಲೂ ವಿಚಾರಿಸು. ದಿಢೀರನೆ ಕಾದು ಮತ್ತೆ ತಣ್ಣಗಾದರೆ ಆರ್ಗನ್ ವಾದ್ಯದ ಮರ ಒಣಗಿ ಸೀಳುತ್ತದೆ. ಗ್ಯಾಸ್ ಹೀಟರಾದರೆ ಅದರ ಆವಿ ತಣ್ಣನೆ ಗೋಡೆಯಲ್ಲಿ ನೀರಾಗಿ ನಿಲ್ಲುತ್ತದೆ.

ನಿನ್ನ ವಯಸ್ಸಿನವರಿಗೆ ಎಲ್ಲದಕ್ಕೂ ಅವಸರ. ಮುಚ್ಚಿಬಿಡುವುದೇ ಒಳ್ಳೆಯದು ಅಂತ ಒಂದು ಸಾಲಿನಲ್ಲಿ ಬರೆದುಬಿಡಬೇಡ. ಬೀಗ ಜಡಿದ ಕಟ್ಟಡದಲ್ಲಿ ಗಾಳಿ ಆಡುವುದಿಲ್ಲ, ಹೊಸ ಸೋರಿಕೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಗ್ಲೆಂಡಿನ ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಅವನ ಜೊತೆಗಾರರು 1877ರಲ್ಲಿ ಹಳೆ ಕಟ್ಟಡಗಳ ರಕ್ಷಣೆಗೆ ಸಂಘ ಕಟ್ಟಿ ಕೇಳಿದ್ದು ದಿನದಿನದ ಆರೈಕೆಯನ್ನು. ಇಂಗ್ಲೆಂಡಿನಲ್ಲಿ ಆರಾಧನೆ ನಿಂತ ಚರ್ಚುಗಳಿಗೆಂದೇ 1969ರಲ್ಲಿ ಒಂದು ನಿಧಿ ಹುಟ್ಟಿತು. ಅದು ಈಗ 350ಕ್ಕೂ ಹೆಚ್ಚು ಚರ್ಚುಗಳನ್ನು ನೋಡಿಕೊಳ್ಳುತ್ತಿದೆ. ದಾರಿಗಳಿವೆ, ಬರೆಯುವ ಮೊದಲು ಹುಡುಕು.

ಮತ್ತೆ ಪಾಠ ಶುರುಮಾಡಿದೆ, ಬೇಜಾರು ಮಾಡ್ಕೋಬೇಡ. ಗೋಪುರ ಹತ್ತುವಾಗ ಕೆಳಗೆ ಒಬ್ಬರು ನಿಂತಿರಲಿ. ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತ ಅವರಿಗೆ ಬರೆದುಕೊಟ್ಟು ಹತ್ತು. ಆ ದಪ್ಪ ಗೋಡೆಯೊಳಗೆ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ, ಕೊರಳಲ್ಲಿ ಒಂದು ಸೀಟಿ ಇರಲಿ. ಬಾಗಿಲ ಹತ್ತಿರ ಇಟ್ಟಿದ್ದೀಯಲ್ಲ ಬೂಟು, ಅದರ ಅಡಿ ಪೂರಾ ಸವೆದಿದೆ. ಅದನ್ನು ಹಾಕಿಕೊಂಡು ಹೋಗಬೇಡ.

ಅಮ್ಮ