ಕೋಶದ ಹುಳಿಗೆ ಹೆದರಿಸಬೇಡಿ

ಮಾನ್ಯರೇ,

ಕಳೆದ ಭಾನುವಾರ ತುಮಕೂರಿನ ಕಲ್ಯಾಣ ಮಂಟಪವೊಂದರಲ್ಲಿ ನೀರಿನ ಯಂತ್ರ ಮಾರುವವರು ನಡೆಸಿದ ಪ್ರಾತ್ಯಕ್ಷಿಕೆಗೆ ನೆರೆಮನೆಯವರ ಒತ್ತಾಯಕ್ಕೆ ಹೋಗಿದ್ದೆ. ಎರಡು ಲೋಟ ನೀರಿಗೆ ಬಣ್ಣದ ಹನಿ ಬಿಟ್ಟು, ಒಂದು ಹಳದಿಗೂ ಇನ್ನೊಂದು ನೀಲಿಗೂ ತಿರುಗಿದ್ದನ್ನು ತೋರಿಸಿದ ಯುವಕ, ‘ನಿಮ್ಮ ಜೀವಕೋಶಗಳಲ್ಲಿ ಆಮ್ಲ ಸೇರಿಕೊಂಡಿದೆ, ನಮ್ಮ ಕ್ಷಾರೀಯ ನೀರು ಅದನ್ನು ತೊಳೆಯುತ್ತದೆ’ ಎಂದಾಗ ಸಭೆ ತಲೆದೂಗಿತು. ಪಿಯು ಮಕ್ಕಳಿಗೆ ಮೂವತ್ತು ವರ್ಷ ಜೀವಶಾಸ್ತ್ರ ಹೇಳಿಕೊಟ್ಟ ನನಗೆ ಸುಮ್ಮನಿರಲು ಆಗಲಿಲ್ಲ.

ಕೋಶದೊಳಗೆ ಆಮ್ಲ ಇರುವುದೇನೋ ನಿಜ, ಆದರೆ ಅದನ್ನು ಕೋಶವೇ ಶಕ್ತಿ ಖರ್ಚು ಮಾಡಿ ಕೂಡಿಟ್ಟುಕೊಂಡಿರುತ್ತದೆ. ಕೋಶದ್ರವ್ಯದ ಪಿಎಚ್, ಅಂದರೆ ಆಮ್ಲೀಯತೆಯ ಅಳತೆ, ಸುಮಾರು 7.2 ಇದ್ದರೆ, ಅದರಲ್ಲೇ ಇರುವ ಲೈಸೋಸೋಮ್ ಎಂಬ ಪುಟ್ಟ ಚೀಲದೊಳಗೆ ಅದು 4.5ರಿಂದ 5. ಪಿಎಚ್ ಒಂದು ಅಂಕ ಇಳಿದರೆ ಆಮ್ಲೀಯತೆ ಹತ್ತು ಪಟ್ಟು ಏರುವುದರಿಂದ, ತೆಳು ಪೊರೆಯೊಂದರ ಆಚೀಚೆ ನೂರಾರು ಪಟ್ಟು ವ್ಯತ್ಯಾಸ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ 1955ರಲ್ಲಿ ಹೆಸರಿಟ್ಟ ಈ ಚೀಲದಲ್ಲಿ ಸವೆದ ಪ್ರೋಟೀನು, ನುಂಗಿದ ಬ್ಯಾಕ್ಟೀರಿಯಾಗಳನ್ನು ಕರಗಿಸುವ ಕಿಣ್ವಗಳಿವೆ. ಅವು ಹುಳಿಯಲ್ಲೇ ಚುರುಕು. ಒಂದಿಷ್ಟು ಹೊರಗೆ ಸೋರಿದರೂ ಅಲ್ಲಿ ಬಹುಮಟ್ಟಿಗೆ ಮಂಕಾಗಿಬಿಡುತ್ತವೆ. ಇದನ್ನು ಪಾಠ ಮಾಡುವಾಗ ಪ್ರತಿ ವರ್ಷವೂ ನಾನೇ ಬೆರಗಾಗುತ್ತಿದ್ದೆ.

ಪೊರೆಯಲ್ಲಿ ಕುಳಿತ ವಿ-ಎಟಿಪೇಸ್ ಎಂಬ ಪಂಪು ಕೋಶದ ಇಂಧನವಾದ ಎಟಿಪಿಯನ್ನು ಒಡೆದು, ಮೋಟರಿನಂತೆ ನಿಜಕ್ಕೂ ತಿರುಗುತ್ತಾ, ಹುಳಿಗೆ ಕಾರಣವಾದ ಪ್ರೋಟಾನುಗಳನ್ನು (ಹೈಡ್ರೋಜನ್ ಅಯಾನುಗಳನ್ನು) ಒಳಕ್ಕೆ ನೂಕುತ್ತದೆ. ಪ್ರೋಟಾನುಗಳನ್ನಷ್ಟೇ ನೂಕಿದರೆ ಒಳಗೆ ಧನಾವೇಶ ತುಂಬಿ, ಅದರ ಎದುರೊತ್ತಡಕ್ಕೆ ಪಂಪು ಬೇಗನೆ ನಿಂತುಹೋದೀತು. ಆದ್ದರಿಂದ ಬೇರೆ ದಾರಿಗಳಲ್ಲಿ ಕ್ಲೋರೈಡ್ ಒಳಬಂದು ಆವೇಶವನ್ನು ಸರಿದೂಗಿಸುತ್ತದೆ. ಇತ್ತ ಒಂದಿಷ್ಟು ಪ್ರೋಟಾನು ಸದಾ ಹೊರಕ್ಕೆ ಸೋರುತ್ತಲೂ ಇರುತ್ತದೆ. ಒಳಬಂದದ್ದು ಮತ್ತು ಸೋರಿದ್ದು ಸಮವಾದಲ್ಲಿ ಪಿಎಚ್ ನಿಲ್ಲುತ್ತದೆ: ಪ್ರೋಟೀನುಗಳನ್ನು ವಿಂಗಡಿಸಿ ಕಳಿಸುವ ಗಾಲ್ಜಿ ಎಂಬ ಕೋಶಭಾಗದಲ್ಲಿ 6ಕ್ಕಿಂತ ತುಸು ಮೇಲೆ, ಲೈಸೋಸೋಮಿನಲ್ಲಿ ಇನ್ನೂ ಕೆಳಗೆ. ನಿಂಬೆಯ ಕೋಶದಲ್ಲಿ ರಸ ತುಂಬಿಕೊಂಡಿರುವ ರಸದಾನಿ ಎಂಬ ಚೀಲದಲ್ಲಿ ಅದು 2.5ರ ಆಸುಪಾಸಿಗೆ ಇಳಿಯುವುದೂ ಪ್ರೋಟಾನ್ ಪಂಪುಗಳಿಂದಲೇ. ಹುಣಸೆ ಮಾರುಕಟ್ಟೆಗೆ ಹೆಸರಾದ ಊರಿನಲ್ಲಿ ಹುಳಿಯ ಭಯ ಹುಟ್ಟಿಸುವುದು ವಿಚಿತ್ರವೇ ಸರಿ.

ಹುಳಿ ತಪ್ಪಿದರೆ ಏನಾಗುತ್ತದೆಂಬುದು ಮೂಳೆಯಲ್ಲಿ ಕಾಣುತ್ತದೆ. ಹಳೆಯ ಮೂಳೆಯನ್ನು ಕರಗಿಸುವ ಕೋಶಗಳು ಇದೇ ಬಗೆಯ ಪಂಪಿನಿಂದ ಅದರ ಮೇಲೆ ಆಮ್ಲ ಸುರಿಸುತ್ತವೆ. ಆ ಪಂಪಿನ ಜೀನ್ ಕೆಟ್ಟು ಹುಟ್ಟಿದ ಮಕ್ಕಳ ಮೂಳೆ ಕಲ್ಲಿನಂತೆ ದಟ್ಟವಾಗುತ್ತದೆ, ಆದರೆ ಸಣ್ಣ ಪೆಟ್ಟಿಗೂ ಮುರಿಯುತ್ತದೆ.

ಕುಡಿದ ಕ್ಷಾರೀಯ ನೀರು ಜಠರದ ಕಟು ಆಮ್ಲಕ್ಕೆ ಸಿಕ್ಕೊಡನೆ ತಟಸ್ಥವಾಗುತ್ತದೆ. ರಕ್ತದ ಪಿಎಚ್ ಅನ್ನು 7.35ರಿಂದ 7.45ರೊಳಗೆ ಹಿಡಿದಿಡಲು ಶ್ವಾಸಕೋಶ, ಮೂತ್ರಪಿಂಡಗಳಿವೆ. ಲೈಸೋಸೋಮಿನವರೆಗೆ ಹೋಗಿ ‘ತೊಳೆಯುವ’ ದಾರಿಯೇ ಆ ನೀರಿಗಿಲ್ಲ.

ನಿಮ್ಮ ಆರೋಗ್ಯ ಪುಟದಲ್ಲಿ ವೈದ್ಯರೊಬ್ಬರಿಂದ ಈ ಬಗ್ಗೆ ಬರೆಸಬೇಕೆಂದು ಕೋರುತ್ತೇನೆ. ಅಂದು ಸಂಜೆಯೇ, ನನ್ನ ಕಣ್ಣೆದುರು, ಹನ್ನೊಂದು ಮಂದಿ ಮುಂಗಡ ಕೊಟ್ಟು ರಸೀದಿ ಪಡೆದರು.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತುಮಕೂರು